ಸಾಲಗಾಮೆಯ ದಾರಿಯಲ್ಲಿ ಒಂದು ಬಾಣಲೆ ಬೋಂಡ

ಹಾಸನದಲ್ಲಿ ಇಳಿದ ಪ್ರವಾಸಿಗರೆಲ್ಲ ಬೇಲೂರು, ಹಳೇಬೀಡುಗಳ ಬಸ್ಸನ್ನು ಹುಡುಕುತ್ತಾರೆ. 2023ರಲ್ಲಿ ಹೊಯ್ಸಳರ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಆ ಹುಡುಕಾಟಕ್ಕೆ ಮತ್ತಷ್ಟು ಅವಸರ ಬಂದಿದೆ. ಅವರಾರಿಗೂ ಸಾಲಗಾಮೆಯ ಬಸ್ಸಿನಿಂದ ಆಗಬೇಕಾದುದೇನೂ ಇಲ್ಲ. ನನಗೆ ಇತ್ತು. ಆ ದಾರಿಯ ಒಂದು ಹಳ್ಳಿಯಲ್ಲಿ ನನ್ನ ಅಕ್ಕನ ಮನೆಯಿದೆ. ಪುನರ್ವಸು ಮಳೆ ಹಿಡಿದಾಗ ಅವಳ ಒಲೆಯ ಮುಂದೆ ಕುಳಿತು ಬಿಸಿ ಬೋಂಡ ತಿನ್ನಬೇಕೆಂಬುದು ಬೆಂಗಳೂರಿನಲ್ಲಿ ನಾನು ವರ್ಷವಿಡೀ ಸಾಕಿಕೊಂಡು ಬಂದ ಹಂಬಲ.

ಸಾಲಗಾಮೆ ರಸ್ತೆಯೆಂದರೆ ಹಾಸನದ ಪಟ್ಟಣಿಗರಿಗೆ ನೆನಪಾಗುವುದು 1960ರಲ್ಲಿ ಆರಂಭವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜು. ವಿದ್ಯಾರ್ಥಿಗಳು ಅಲ್ಲಿ ಇಳಿದುಹೋದೊಡನೆ ಬಸ್ಸು ಅರ್ಧ ಬರಿದಾಯಿತು. ಉಳಿದವರು ಗೊಬ್ಬರದ ಚೀಲದವರು, ಆಸ್ಪತ್ರೆಗೆ ಹೋಗಿ ಬಂದವರು, ಮಗಳ ಮನೆಗೆ ಹೊರಟವರು. ಹೊರಗೆ ಸೋನೆ. ಜೋರಾಗಿ ಸುರಿದು ನಿಲ್ಲುವ ಮಳೆಯಲ್ಲ. ನೂಲಿನೆಳೆಯಂತೆ ಇಳಿಯುತ್ತಲೇ ಇರುವ ಮಳೆ. ಸಾಲಗಾಮೆ ಒಂದು ಹೋಬಳಿಯ ಕೇಂದ್ರವೇ ಹೊರತು ನೋಡತಕ್ಕ ಊರೆಂದು ಯಾರೂ ಬರೆದಿಟ್ಟಿಲ್ಲ. ಆದರೂ ಮಳೆಗಾಲದಲ್ಲಿ ಆ ಕೆಂಪು ಮಣ್ಣಿನ ಏರಿಳಿತಗಳ ಮೇಲೆ ಹಸುರು ಹಾಸಿಕೊಂಡಾಗ ಕಣ್ಣು ಕಿಟಕಿಯನ್ನು ಬಿಟ್ಟು ಈಚೆಗೆ ಬರುವುದಿಲ್ಲ.

ಆ ಹಸುರು ಮಾತ್ರ ಹಿಂದಿನ ಹಸುರಲ್ಲ. ನಾನು ಹುಡುಗನಾಗಿದ್ದಾಗ ಈ ದಾರಿಯ ಇಕ್ಕೆಲಗಳಲ್ಲೂ ಆಲೂಗೆಡ್ಡೆಯ ಸಾಲುಗಳು. ಈಗ ಆಳೆತ್ತರದ ಮುಸುಕಿನ ಜೋಳ. ನಡುನಡುವೆ ಶುಂಠಿಯ ಮಡಿಗಳು. ಆಲೂಗೆಡ್ಡೆ ಅಲ್ಲೊಂದು ತುಂಡು, ಇಲ್ಲೊಂದು ತುಂಡು.

ಭಾವನವರು ಬಾಗಿಲಲ್ಲಿ ಇರಲಿಲ್ಲ. "ಹೊಲದಲ್ಲವರೆ. ಮೂರು ದಿನದಿಂದ ಮನೇಲಿ ನಿಂತೇ ಇಲ್ಲ. ನೀನೇ ಹೋಗಿ ಕರ್ಕೊಂಡು ಬಾ ತಮ್ಮಾ," ಎಂದಳು ಅಕ್ಕ.

ಅರ್ಧ ಎಕರೆಯ ಆ ತುಂಡಿನ ಬದುವಿನಲ್ಲಿ ಭಾವನವರು ಕುಕ್ಕರುಗಾಲಲ್ಲಿ ಕುಳಿತು ಎಲೆಗಳನ್ನು ಮಗುಚಿ ಮಗುಚಿ ನೋಡುತ್ತಿದ್ದರು. ನನ್ನನ್ನು ಕಂಡು ಕ್ಷೇಮ ಕೇಳುವುದಕ್ಕೆ ಮೊದಲು ಒಂದು ಎಲೆಯನ್ನು ಕೈಗಿತ್ತರು. ಅಂಚಿನಲ್ಲಿ ನೀರು ಕುಡಿದಂತಹ ಕಪ್ಪು ಮಚ್ಚೆ. ಅಡಿಮಗ್ಗುಲಲ್ಲಿ ಮಚ್ಚೆಯ ಸುತ್ತ ಬೂದಿ ಉದುರಿದಂತೆ ತೆಳುವಾದ ಬಿಳುಪು.

"ಅಂಗಮಾರಿಯೇ ಭಾವ?"

"ಅದೇ. ನಿನ್ನೆ ಎರಡು ಗಿಡದಲ್ಲಿತ್ತು. ಇವತ್ತು ಎಣಿಸೋದು ಬಿಟ್ಟೆ."

ಈ ಅಂಗಮಾರಿ ಸಾಮಾನ್ಯದ ಮಾರಿಯಲ್ಲ. 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಯ ಮೇಲೆ ಬಿದ್ದು, ಮುಂದಿನ ಕೆಲವೇ ವರ್ಷಗಳ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನರನ್ನು ಬಲಿ ತೆಗೆದುಕೊಂಡದ್ದು ಇದೇ ರೋಗ. ತಂಪು ಹವೆ, ಮುಚ್ಚಿದ ಮೋಡ, ಒಣಗದ ಎಲೆ, ಇಷ್ಟಿದ್ದರೆ ಅದಕ್ಕೆ ಸಾಕು. ಉತ್ತರದ ಬಯಲಿನಲ್ಲಿ ಆಲೂಗೆಡ್ಡೆ ಚಳಿಗಾಲದ ಬೆಳೆ. ನಮ್ಮ ಹಾಸನದಲ್ಲಿ ಅದು ಮುಂಗಾರಿನ ಬೆಳೆ. ಬೆಳೆಯನ್ನು ಸಾಕುವ ಮಳೆಯೇ ರೋಗವನ್ನೂ ಸಾಕುತ್ತದೆ. ಬೀಜದ ಗೆಡ್ಡೆ ಪಂಜಾಬಿನ ಜಾಲಂಧರದ ಕಡೆಯಿಂದ ಬಂದು, ಹಾಸನದ ಮಾರುಕಟ್ಟೆಯಲ್ಲಿ ಮಾರಾಟವಾಗಿ, ಮೇ ತಿಂಗಳ ಮಳೆಗೆ ನೆಲ ಸೇರುತ್ತದೆ. ಬಹುಕಾಲ ಇಲ್ಲಿ ಮೆರೆದದ್ದು 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ಎಂಬ ತಳಿ. ಮೊದಮೊದಲು ಅದು ಅಂಗಮಾರಿಯನ್ನು ತಡೆಯುತ್ತಿತ್ತು; ಕ್ರಮೇಣ ಆ ಬಲ ಕುಂದಿತು. ಈ ಶತಮಾನದ ಮೊದಲ ದಶಕದಲ್ಲಿ ಹಾಸನದ ಸೀಮೆ ಕಂಡ ನಷ್ಟ ಸಾಲದ ಪುಸ್ತಕಗಳಲ್ಲಿ ಇನ್ನೂ ಅಳಿಸಿಲ್ಲ. ಆಗ ಗೆಡ್ಡೆ ಬಿಟ್ಟು ಜೋಳಕ್ಕೆ ತಿರುಗಿದವರಲ್ಲಿ ಹಲವರು ಮರಳಲಿಲ್ಲ.

"ಹಾಗಿದ್ದರೂ ಏಕೆ ಹಾಕಿದಿರಿ?" ಎಂದು ಕೇಳಿದೆ. ಕೇಳಬಾರದಿತ್ತು.

"ಅಪ್ಪ ಹಾಕ್ತಿದ್ರು," ಎಂದು ಭಾವನವರು ಎದ್ದರು. ಬಳಿಕ ಐದಾರು ಗಿಡಗಳನ್ನು ಬುಡಸಹಿತ ಕಿತ್ತು ಕೊಡವಿದರು. ಅರವತ್ತು ದಿನದ ಎಳೆಯ ಗೆಡ್ಡೆಗಳು. ನಿಂಬೆಹಣ್ಣಿಗಿಂತ ಒಂದಿಷ್ಟು ದಪ್ಪ. ಇನ್ನೊಂದು ತಿಂಗಳು ನೆಲದಲ್ಲಿದ್ದರೆ ಮೂಟೆ ತುಂಬುವಂಥವು. ಅವನ್ನು ಟವಲಿನಲ್ಲಿ ಕಟ್ಟಿ, "ನಿಮ್ಮಕ್ಕನ್ನ ಬೋಂಡ ಹಾಕು ಅನ್ನು," ಎಂದರು.

ಇಲ್ಲಿ ಹೆಸರಿನ ಬಗ್ಗೆ ಒಂದು ಮಾತು. ಪಟ್ಟಣದ ಹೋಟೆಲಿನವರು ಹೋಳನ್ನು ಹಿಟ್ಟಿನಲ್ಲಿ ಅದ್ದಿ ಕರಿದುದನ್ನು ಬಜ್ಜಿ ಎಂದೂ, ಉಂಡೆ ಕಟ್ಟಿ ಕರಿದುದನ್ನು ಬೋಂಡ ಎಂದೂ ವಿಂಗಡಿಸುತ್ತಾರೆ. ಅಕ್ಕನ ಮನೆಯಲ್ಲಿ ಎರಡೂ ಬೋಂಡವೇ. ಬಜ್ಜಿ ಎಂದರೆ ಅವಳ ಲೆಕ್ಕದಲ್ಲಿ ಬದನೆಕಾಯಿಯನ್ನು ಕೆಂಡದಲ್ಲಿ ಸುಟ್ಟು ಹಿಸುಕಿ ಮೊಸರು ಬೆರೆಸಿದ್ದು. ನನಗೂ ಈ ಲೆಕ್ಕವೇ ಸರಿಯೆನಿಸುತ್ತದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಬರೆದ 'ಸೂಪಶಾಸ್ತ್ರ'ದಲ್ಲಿಯೂ ಬದನೆಕಾಯಿಗೆ ರಾಜಮರ್ಯಾದೆ. ಆಲೂಗೆಡ್ಡೆ, ಮೆಣಸಿನಕಾಯಿಗಳು ಅದರಲ್ಲಿ ಇರಲಾರವು. ಅಮೆರಿಕದ ಈ ಎರಡು ಕೂಸುಗಳು ಯುರೋಪಿನವರ ಹಡಗಿನಲ್ಲಿ ಇತ್ತ ಬಂದು ನಮ್ಮ ಕಡಲೆಹಿಟ್ಟಿನ ಸಖ್ಯ ಬೆಳೆಸಿದ್ದು ಆಮೇಲಿನ ಕಥೆ.

ಅಕ್ಕ ಟವಲನ್ನು ಬಿಚ್ಚಿ ನೋಡಿದಳು. ಎಳೆಯ ಗೆಡ್ಡೆಗಳೇಕೆ ಬಂದವೆಂದು ಕೇಳಲಿಲ್ಲ. ಬಚ್ಚಲ ಕಲ್ಲಿನ ಮೇಲೆ ನೀರು ಹಾಕಿ ಹೆಬ್ಬೆರಳಿನಿಂದಲೇ ಸಿಪ್ಪೆ ಉಜ್ಜಿದಳು. ಈಳಿಗೆಮಣೆಯಲ್ಲಿ ಬಿಲ್ಲೆಗಳನ್ನು ಹೆಚ್ಚಿ ಒಂದು ಹಳೆಯ ಪಂಚೆಯ ಮೇಲೆ ಹರವಿದಳು. "ಎಳೇದು, ನೀರು ಜಾಸ್ತಿ. ಒರೆಸದೆ ಅದ್ದಿದ್ರೆ ಹಿಟ್ಟು ಅಂಟಲ್ಲ, ಜಾರ್ಕೊಂಡು ಹೋಗ್ತದೆ," ಎಂದಳು. ಅಂಗಡಿಯ ಗೆಡ್ಡೆಗೆ ಇನ್ನೊಂದು ಕಾಟವಂತೆ. ಶೀತಲಗೃಹದಲ್ಲಿ ಬಹುದಿನ ಇದ್ದುದು ಸಿಹಿಯಾಗಿಬಿಡುತ್ತದೆ. ಅದು ನಿಜ. ಹೆಚ್ಚು ಚಳಿಯಲ್ಲಿ ಗೆಡ್ಡೆಯ ಪಿಷ್ಟ ಸಕ್ಕರೆಗೆ ತಿರುಗುತ್ತದೆ. ಎಣ್ಣೆಗೆ ಬಿದ್ದೊಡನೆ ಬೇಗ ಕಪ್ಪಡರುತ್ತದೆ.

ಎರಡು ಪಾವು ಕಡಲೆಹಿಟ್ಟಿಗೆ ಅರ್ಧ ಪಾವು ಅಕ್ಕಿಹಿಟ್ಟು. ಉಪ್ಪು, ಅಚ್ಚಖಾರದ ಪುಡಿ, ಅಂಗೈಯಲ್ಲಿ ತಿಕ್ಕಿದ ಓಮ, ಚಿಟಿಕೆ ಇಂಗು. ಕಾದ ಎಣ್ಣೆ ಒಂದು ಸೌಟು ಹಿಟ್ಟಿನ ಮೇಲೆ ಚುರ್ರೆಂದಿತು. ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕಲಸುತ್ತ, ಬೆರಳು ಅದ್ದಿ ಎತ್ತಿ ನೋಡಿದಳು. ಬೆರಳನ್ನು ಮುಚ್ಚಬೇಕು, ತೊಟ್ಟಿಕ್ಕಬಾರದು. ಇದೇ ಅವಳ ಅಳತೆ. ಸೋಡ ಹಾಕುವುದಿಲ್ಲವೇ ಎಂದರೆ, "ಹೋಟ್ಲವರಿಗೆ ಬೇಕು. ಸೋಡ ಹೆಚ್ಚಾದ್ರೆ ಎಣ್ಣೆ ಕುಡೀತದೆ," ಎಂಬ ಉತ್ತರ ಬಂತು. ಹಿಂದೆ ನಮ್ಮಜ್ಜಿಯ ಕಾಲದಲ್ಲಿ ಬಾಣಲೆಗೆ ಹುಚ್ಚೆಳ್ಳೆಣ್ಣೆ ಸುರಿಯುತ್ತಿದ್ದರು. ಈಗ ಕಡಲೆಕಾಯಿ ಎಣ್ಣೆ. ಒಂದು ತೊಟ್ಟು ಹಿಟ್ಟು ಬಿಟ್ಟು, ಅದು ತಳ ಮುಟ್ಟಿ ಒಡನೆ ಮೇಲೆದ್ದ ಮೇಲೆಯೇ ಬಿಲ್ಲೆಗಳು ಇಳಿದವು. ಒಮ್ಮೆಗೆ ಆರೇ. ಹೆಚ್ಚು ಹಾಕಿದರೆ ಎಣ್ಣೆ ತಣಿದು ಬೋಂಡ ಮೆತ್ತಗಾಗುತ್ತದೆ.

ಚಟ್ನಿಯನ್ನು ಅರೆಯುವ ಪಾಲು ನನ್ನದಾಯಿತು. ಮಿಕ್ಸಿ ಇದೆ; ಕರೆಂಟು ಇರಲಿಲ್ಲ. ಒರಳುಕಲ್ಲಿಗೆ ತೆಂಗಿನತುರಿ, ಹುರಿಗಡಲೆ, ಹಸಿಮೆಣಸಿನಕಾಯಿ, ಕೊತ್ತಂಬರಿಸೊಪ್ಪು, ಹುಣಿಸೆಹಣ್ಣು, ಉಪ್ಪು. ಕೊನೆಗೆ ಅಕ್ಕ ಒಂದು ತುಂಡು ಶುಂಠಿಯನ್ನು ಜಜ್ಜಿ ಹಾಕಿದಳು. ಅಮ್ಮನ ಚಟ್ನಿಯಲ್ಲಿ ಶುಂಠಿ ಇರುತ್ತಿರಲಿಲ್ಲವಲ್ಲ ಎಂದೆ. ಅಕ್ಕ ನಕ್ಕಳು. "ಆಗ ಮೇಗಲ ಹೊಲದಲ್ಲಿ ಗೆಡ್ಡೆ ಇತ್ತು. ಈಗ ಅದನ್ನ ಶುಂಠಿಯವರಿಗೆ ಗುತ್ತಿಗೆ ಕೊಟ್ಟಿದೀವಿ. ಕಿತ್ತಾಗ ಒಂದು ಬುಟ್ಟಿ ಮನೆಗೆ ಕೊಡ್ತಾರೆ, ಏನು ಮಾಡ್ಲಿ?" ಶುಂಠಿಗೂ ಕೊಳೆರೋಗವಿದೆ, ಅದರ ಬೆಲೆ ಒಂದು ವರ್ಷ ಅಟ್ಟ ಹತ್ತಿಸಿ ಮರುವರ್ಷ ಕೆಳಗೆ ಕೆಡವುತ್ತದೆ. ಆದರೆ ಗುತ್ತಿಗೆಯ ಹಣ ಮುಂಗಡವಾಗಿ ಕೈಸೇರುತ್ತದೆ. ಮಗಳ ಕಾಲೇಜಿನ ಫೀಜು ಕಟ್ಟಿದ್ದು ಅದರಿಂದಲೇ.

ಭಾವನವರು ಕತ್ತಲಾದ ಮೇಲೆ ಬಂದರು. ಬೋಂಡವನ್ನು ಮುರಿದು ಬೆಳಕಿಗೆ ಹಿಡಿದು ಒಳಗಿನ ತಿರುಳನ್ನು ನೋಡಿದರು. ತಿನ್ನುವವರು ನೋಡುವ ನೋಟವಲ್ಲ ಅದು. ತಿರುಳು ಬೆಳ್ಳಗಿತ್ತು. "ಗೆಡ್ಡೆಗೆ ಇನ್ನೂ ಇಳಿದಿಲ್ಲ," ಎಂದು ಚಟ್ನಿಯಲ್ಲಿ ಅದ್ದಿ ಬಾಯಿಗಿಟ್ಟರು. ಆಮೇಲೆ ಗಂಡಹೆಂಡಿರ ನಡುವೆ ಚರ್ಚೆ ನಡೆಯಿತು. ಈಗಲೇ ಅಗೆದು ಎಳೆಯ ಗೆಡ್ಡೆಯನ್ನು ಸಿಕ್ಕ ಬೆಲೆಗೆ ಮಾರುವುದೋ, ಔಷಧಿ ಹೊಡೆದು ಇನ್ನೊಂದು ತಿಂಗಳು ಕಾಯುವುದೋ? ಅಗೆದರೆ ಬೀಜದ ಹಣವೂ ಹುಟ್ಟದು. ಕಾದರೆ, ಸೋನೆ ನಿಲ್ಲದಿದ್ದರೆ, ಔಷಧಿಯ ಹಣವೂ ಅದರ ಜೊತೆಗೆ ಹೋದಂತೆ. ಅಕ್ಕ ಅಗೆಯುವ ಪಕ್ಷ. ಭಾವನವರು ಯಾವ ಪಕ್ಷವೆಂದು ಹೇಳಲಿಲ್ಲ. ನಾನು ಏಳನೆಯ ಬೋಂಡಕ್ಕೆ ಕೈಹಾಕಿ ಸುಮ್ಮನಿದ್ದೆ; ಬೆಂಗಳೂರಿನವನ ಅಭಿಪ್ರಾಯಕ್ಕೆ ಅಲ್ಲಿ ಏನು ಬೆಲೆ?

ಬೆಳಗ್ಗೆ ಎದ್ದಾಗ ಮಳೆ ಬಿಟ್ಟಿತ್ತು, ಮೋಡ ಬಿಟ್ಟಿರಲಿಲ್ಲ. ಹಿತ್ತಿಲ ಗೋಡೆಗೆ ಒರಗಿಸಿದ್ದ ಔಷಧಿ ಹೊಡೆಯುವ ಪಂಪು ಅಲ್ಲಿರಲಿಲ್ಲ. ಅಕ್ಕ ಅದನ್ನು ನೋಡಿಯೂ ನೋಡದಂತೆ ಉಳಿದ ಬೋಂಡಗಳನ್ನು ಬಾಳೆಲೆಯಲ್ಲಿ ಸುತ್ತಿ, ಚಟ್ನಿಯನ್ನು ಒಂದು ಸ್ಟೀಲ್ ಡಬ್ಬಿಗೆ ಹಾಕಿ ನನ್ನ ಚೀಲದಲ್ಲಿಟ್ಟಳು. "ಬಸ್ಸಲ್ಲೇ ತಿನ್ನು, ಮಧ್ಯಾಹ್ನಕ್ಕೆ ಚಟ್ನಿ ಹಳಸ್ತದೆ. ಡಬ್ಬಿ ಮಾತ್ರ ಮುಂದಿನ ಸಲ ಮರೀದೆ ತಂದ್ಕೊಡು," ಎಂದಳು.

ಹಾಸನದ ಬಸ್ಸು ತಿರುವಿನಲ್ಲಿ ನಿಧಾನವಾದಾಗ ಆ ಅರ್ಧ ಎಕರೆ ಕಾಣಿಸಿತು. ಬೆನ್ನಿಗೆ ಪಂಪು ಕಟ್ಟಿಕೊಂಡು ಭಾವನವರು ಸಾಲಿನಿಂದ ಸಾಲಿಗೆ ನಡೆಯುತ್ತಿದ್ದರು.