ನಷ್ಟವನ್ನೂ ಬರೆದಿಡಬೇಕು

ಹತ್ತನೆಯ ತರಗತಿಯ ಮಕ್ಕಳಿಂದ ಪ್ರತಿ ವರ್ಷ ಲೋಲಕದ ಪ್ರಯೋಗ ಮಾಡಿಸುತ್ತೇನೆ. ದಾರಕ್ಕೆ ಗುಂಡು ಕಟ್ಟಿ, ತೂಗಾಡಿಸಿ, ಕಾಲ ಅಳೆದು ಗುರುತ್ವ ವೇಗೋತ್ಕರ್ಷ ಕಂಡುಹಿಡಿಯುವುದು. ಹೆಚ್ಚಿನವರಿಗೆ 950, 1010 ಹೀಗೆ ಏನೇನೋ ಬರುತ್ತದೆ. ಒಬ್ಬಿಬ್ಬರಿಗೆ ಮಾತ್ರ ಕರಾರುವಾಕ್ಕಾಗಿ 980! ಪುಸ್ತಕದ ಉತ್ತರ ನೋಡಿಕೊಂಡು ಹಿಂದಿನಿಂದ ಲೆಕ್ಕ ಕೂಡಿಸಿದವರು ಅವರು. 'ಬರಬೇಕಾದ್ದನ್ನಲ್ಲ ಮಕ್ಕಳೇ, ಬಂದದ್ದನ್ನು ಬರೆಯಿರಿ' ಎಂದು ಗದರುತ್ತೇನೆ. ಇದೇ ಮಾತನ್ನು ನನ್ನ ಮಗನಿಗೂ ಹೇಳಬೇಕಾಗಿ ಬರುತ್ತದೆಂದು ಎಣಿಸಿರಲಿಲ್ಲ.

ಅವನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಭಯದಿಂದ ಕುಸಿದ ಷೇರುಪೇಟೆ ಆಮೇಲೆ ಭರದಿಂದ ಏರಿತು. ಆ ಏರಿಕೆಯಲ್ಲಿ ಇವನಿಗೂ ನಾಲ್ಕು ಕಾಸು ಸಿಕ್ಕಿತು. 2022ರಲ್ಲಿ ಕೆಲಸ ಬಿಟ್ಟು, 'ಇನ್ನು ಟ್ರೇಡಿಂಗೇ ನನ್ನ ವೃತ್ತಿ ಅಪ್ಪ' ಎಂದ. ಕೂಡಿಟ್ಟ ಆರು ಲಕ್ಷ ರೂಪಾಯಿ ಅವನದೇ ದುಡಿಮೆಯದು. ನಾನು ಬೇಡವೆನ್ನಲಿಲ್ಲ.

ಆ ವರ್ಷದ ದೀಪಾವಳಿಗೆ ಊರಿಗೆ ಬಂದವನು ಮೊದಲಿನ ಹಾಗಿರಲಿಲ್ಲ. ರಾತ್ರಿ ಎರಡು ಗಂಟೆಗೆ ಜಗಲಿಯ ದೀಪ ಉರಿಯುತ್ತಿರುತ್ತಿತ್ತು. ಬೆಳಿಗ್ಗೆ ಒಂಬತ್ತೂಕಾಲಕ್ಕೆ ಪೇಟೆ ತೆರೆಯುವ ಹೊತ್ತಿಗೆ ತಟ್ಟೆಯ ದೋಸೆ ಹಾಗೇ ಆರುತ್ತಿತ್ತು. ಕೇಳಿದರೆ 'ಎಲ್ಲ ಸರಿಯಾಗಿದೆ' ಎನ್ನುತ್ತಿದ್ದ. ನಾಲ್ಕನೆಯ ದಿನ ಅವನ ತಾಯಿ ಪಕ್ಕದಲ್ಲಿ ಕುಳಿತು ತಲೆ ನೇವರಿಸಿದಾಗ ಬಾಯಿ ಬಿಟ್ಟ. ಆರು ಲಕ್ಷ ಮೂರಾಗಿತ್ತು. ಐದು ತಿಂಗಳಿಂದ ಮುಚ್ಚಿಟ್ಟಿದ್ದ.

'ನಿನ್ನನ್ನು ಓದಿಸಿದ್ದು ಇದಕ್ಕೇನೋ?' ಎಂದುಬಿಟ್ಟೆ. ಅವನು ಮರುಮಾತಾಡದೆ ಎದ್ದು ಹೋದ. ನನ್ನ ಹೆಂಡತಿ ಹೇಳಿದಳು: 'ಮಾರ್ಕ್ಸ್ ಕಾರ್ಡು ಬಚ್ಚಿಡುವ ಹುಡುಗರ ಅಪ್ಪಂದಿರನ್ನು ಶಾಲೆಗೆ ಕರೆಸಿ ಬುದ್ಧಿ ಹೇಳುತ್ತೀರಲ್ಲ, ಅದನ್ನೇ ನೀವೂ ಒಂದು ಸಲ ಕೇಳಿಕೊಳ್ಳಿ.' ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಕ್ಷಮೆ ಕೇಳಿ, ಒಂದು ಹಾಳೆ ಪೆನ್ಸಿಲು ಹಿಡಿದು ಅವನ ಎದುರು ಕುಳಿತೆ. ನೂರರಲ್ಲಿ ಹತ್ತು ಕಳೆದುಕೊಂಡವನು ಮೊದಲಿನ ಜಾಗಕ್ಕೆ ಬರಲು ಶೇಕಡ 11ರಷ್ಟು ಗಳಿಸಿದರೆ ಸಾಕು. ಇಪ್ಪತ್ತು ಕಳೆದುಕೊಂಡರೆ ಶೇಕಡ 25 ಬೇಕು. ಐವತ್ತು ಹೋದರೆ ಶೇಕಡ 100! ಆಳಕ್ಕೆ ಇಳಿದಷ್ಟೂ ಮೆಟ್ಟಿಲು ಕಡಿದಾಗುತ್ತದೆ. 'ಹೋದದ್ದನ್ನು ಬೇಗ ತರಬೇಕೆಂದು ದೊಡ್ಡ ಪಂದ್ಯ ಕಟ್ಟಿದೆ ಅಪ್ಪ' ಎಂದ.

ಆಮೇಲೆ ಅವನ ದಲ್ಲಾಳಿ ಸಂಸ್ಥೆಯ ಲೆಕ್ಕಪಟ್ಟಿಗಳನ್ನೆಲ್ಲ ತೆಗೆಸಿದೆ. ಪ್ರಯೋಗದ ರೆಕಾರ್ಡ್ ಪುಸ್ತಕದಂತೆಯೇ ಗೆರೆ ಹಾಕಿ, ಕೊಂಡ ಹೊತ್ತು, ಕಾರಣ, ಫಲಿತಾಂಶ, ಆಗಿನ ಮನಃಸ್ಥಿತಿ ಎಲ್ಲವನ್ನೂ ಬರೆಸಿದೆ. ಎರಡು ದಿನ ಹಿಡಿಯಿತು. ದಿನದ ಮೊದಲ ವ್ಯವಹಾರಗಳಲ್ಲಿ ಲಾಭ ನಷ್ಟ ಹೆಚ್ಚುಕಡಿಮೆ ಸರಿತೂಗಿದ್ದವು. ನಷ್ಟವಾದ ಅರ್ಧ ಗಂಟೆಯೊಳಗೆ, ಅಂದೇ ವಸೂಲು ಮಾಡುವ ಹಟದಿಂದ ಮಾಡಿದವೇ ಅವನನ್ನು ಮುಳುಗಿಸಿದ್ದವು.

ಇದರಲ್ಲಿ ಶರೀರದ ಪಾತ್ರವೂ ಇದೆ. ಕೇಂಬ್ರಿಜ್‌ನ ಜಾನ್ ಕೋಟ್ಸ್ ಮತ್ತು ಜೋ ಹರ್ಬರ್ಟ್ ಲಂಡನ್ನಿನ 17 ಮಂದಿ ವೃತ್ತಿನಿರತ ಟ್ರೇಡರುಗಳ ಜೊಲ್ಲನ್ನು ಎಂಟು ದಿನ ಪರೀಕ್ಷಿಸಿ 2008ರಲ್ಲಿ ವರದಿ ಪ್ರಕಟಿಸಿದರು. ಪೇಟೆಯ ಏರಿಳಿತ, ಅನಿಶ್ಚಿತತೆ ಹೆಚ್ಚಿದಂತೆ ಅವರಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚುತ್ತಿತ್ತು. ಅಪಾಯ ಎದುರಾದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿ ಸುರಿಸುವ ರಸವದು. ಹುಲಿ ಕಂಡಾಗ ಓಡಲು ಅದು ಒಳ್ಳೆಯದು. ವಾರಗಟ್ಟಲೆ ಇಳಿಯದೆ ನಿಂತರೆ ನಿದ್ದೆ, ಜೀರ್ಣಶಕ್ತಿ, ವಿವೇಚನೆ ಎಲ್ಲವೂ ಕೆಡುತ್ತವೆ. ಅಂಥ ಸ್ಥಿತಿಯಲ್ಲಿ ತೆಗೆದುಕೊಂಡ ತೀರ್ಮಾನ ಜ್ವರ ಬಂದಾಗ ಬರೆದ ಪರೀಕ್ಷೆಯಂತೆ.

ನಾವಿಬ್ಬರೂ ಕೂಡಿ ಕೆಲವು ನಿಯಮ ಬರೆದೆವು. ಒಂದು ವ್ಯವಹಾರದಲ್ಲಿ ಬಂಡವಾಳದ ಶೇಕಡ ಒಂದಕ್ಕಿಂತ ಹೆಚ್ಚು ಹೋಗಬಾರದು. ಎರಡು ಸಲ ಸೋತ ದಿನ ಯಂತ್ರ ಮುಚ್ಚಿ ಕೆರೆ ಏರಿಯ ಮೇಲೆ ನಡೆದು ಬರಬೇಕು. ಸಂಜೆ ಆ ದಿನದ ಅಂಕಿ ಏನೇ ಇರಲಿ, ತಾಯಿಗೆ ಹೇಳಬೇಕು. ನಾವು ಬಯ್ಯಬಾರದು. ಕೊನೆಯದು, ಉಳಿದ ಮೂರು ಲಕ್ಷ 2,40,000ಕ್ಕೆ ಇಳಿದರೆ ಈ ವೃತ್ತಿಯೇ ಸಾಕು. ಟ್ರೇಡರುಗಳು ಪ್ರತಿ ವ್ಯವಹಾರಕ್ಕೂ 'ಸ್ಟಾಪ್ ಲಾಸ್' ಎಂಬ ಗಡಿ ಹಾಕುತ್ತಾರೆ. ಇಡೀ ವೃತ್ತಿಗೂ ಒಂದಿರಲಿ ಎಂದೆ.

ನಿದ್ದೆ ಮರಳಿತು, ನಷ್ಟಗಳು ಚಿಕ್ಕವಾದವು. ಆದರೆ ದಲ್ಲಾಳಿ ಶುಲ್ಕ, ತೆರಿಗೆ ಕಳೆದರೆ ಹೊಟ್ಟೆ ತುಂಬುವಷ್ಟು ಉಳಿಯಲಿಲ್ಲ. 2024ರ ಫೆಬ್ರವರಿಯ ಒಂದು ಸಂಜೆ ಪುಸ್ತಕ ತಂದು ಮುಂದಿಟ್ಟ. ಗಡಿ ಮುಟ್ಟಿತ್ತು. 'ನಿಲ್ಲಿಸಿದೆ ಅಪ್ಪ' ಎಂದ. ಗಂಟಲು ಕಟ್ಟಿತ್ತು, ಕೈ ನಡುಗುತ್ತಿರಲಿಲ್ಲ. ಎರಡು ತಿಂಗಳಲ್ಲಿ ಮತ್ತೆ ಕೆಲಸ ಸಿಕ್ಕಿತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸೆಬಿಯ ಅಧ್ಯಯನ ಪ್ರಕಟವಾಯಿತು. 2021-22ರಿಂದ ಮೂರು ವರ್ಷಗಳಲ್ಲಿ ಫ್ಯೂಚರ್ಸ್, ಆಪ್ಷನ್ಸ್ ವ್ಯವಹಾರ ಮಾಡಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಅನುಭವಿಸಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮಿಗಿಲು. ಆ ಲೆಕ್ಕದ ಹಿಂದೆ ಎಷ್ಟು ಮನೆಗಳಲ್ಲಿ ರಾತ್ರಿ ಎರಡಕ್ಕೆ ದೀಪ ಉರಿದಿತ್ತೋ!

ಈ ವೃತ್ತಿಗೆ ಹೋಗುವ ಆಸೆಯಿರುವ ಹುಡುಗ ಹುಡುಗಿಯರು ಈ ಅಂಕಿಯನ್ನು ಮೊದಲು ಓದಲಿ. ಹೋದವರು ನಷ್ಟವನ್ನು ಅಂದಂದೇ ಬರೆಯಲಿ, ಮನೆಯ ಒಬ್ಬರಿಗಾದರೂ ಹೇಳಲಿ. ಹೇಳಲು ಯಾರೂ ಇಲ್ಲ, ಬದುಕೇ ಬೇಡವೆನಿಸಿದೆ ಎನ್ನುವವರಿಗೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ ಇದೆ, ಸಂಖ್ಯೆ 14416.

ತಂದೆತಾಯಿಯರಲ್ಲಿ ನನ್ನದೊಂದು ವಿನಂತಿ. ಪರೀಕ್ಷೆಯ ಅಂಕವಾಗಲಿ, ಪೇಟೆಯ ನಷ್ಟವಾಗಲಿ, ಮಕ್ಕಳು ಬಾಯಿ ಬಿಟ್ಟಾಗ ಬರುವ ನಮ್ಮ ಮೊದಲ ಮಾತು ಮುಖ್ಯ. ಮುಂದಿನ ಸಲ ಅವರು ಹೇಳುತ್ತಾರೋ, ಬಚ್ಚಿಡುತ್ತಾರೋ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ನಾನು ಆ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾದವನು. ಮರುದಿನ ಬೆಳಿಗ್ಗೆಯೇ ಮರುಪರೀಕ್ಷೆಗೆ ಅವಕಾಶ ಕೊಟ್ಟವನು ನನ್ನ ಮಗ.