ತೊಲೆಯ ಕೆಳಗಿನ ತಲೆ

ಮೊನ್ನೆ ಯುವಕ ಮಂಡಲದ ಹುಡುಗರು ಸಂಘದ ಹಳೇ ಕಬ್ಬಿಣದ ಬೋರ್ಡು ಹೊತ್ತುಕೊಂಡು ನಮ್ಮ ಅಡಿಕೆ ಶೆಡ್ಡಿಗೆ ಬಂದರು. ಸಂಘಕ್ಕೀಗ ಫ್ಲೆಕ್ಸ್ ಬಂದಿದೆ. ಹಳೆಯದನ್ನು ಗುಜರಿಗೆ ಹಾಕಲು ಮನಸ್ಸಿಲ್ಲ. "ಮಾವ, ಇಲ್ಲೇ ಮೇಲೆ ಎರಡು ತಂತಿ ಸುತ್ತಿ ತೂಗುಹಾಕಿಬಿಡ್ತೀವಿ, ಏನೂ ಭಾರ ಇಲ್ಲ" ಎಂದ ಒಬ್ಬ. ಇನ್ನೊಬ್ಬ ಆಗಲೇ ಏಣಿಯ ತುದಿಯಲ್ಲಿದ್ದ. "ಇಳಿಯೋ ಕೆಳಗೆ!" ಎಂದು ನಾನು ಕೂಗಿದ ರಭಸಕ್ಕೆ ಮೂಲೆಯಲ್ಲಿ ಮಲಗಿದ್ದ ನಾಯಿಯೂ ಎದ್ದು ಹೊರಗೋಡಿತು. ಒಂದು ಬೋರ್ಡಿಗೆ ಇಷ್ಟೊಂದು ಗಲಾಟೆಯೇ ಎಂಬಂತೆ ಹುಡುಗರು ಮುಖ ಮುಖ ನೋಡಿಕೊಂಡರು. ಪಾಪ, ಅವರಿಗೆ ನನ್ನ ಓಹಾಯೋ ಪುರಾಣ ಗೊತ್ತಿಲ್ಲ.

ಮಗಳ ಬಾಣಂತನಕ್ಕೆ ಹೆಂಡತಿ, ಹೆಂಡತಿಯ ಪೆಟ್ಟಿಗೆ ಹೊರುವುದಕ್ಕೆ ನಾನು, ಹೀಗೆ ಆರು ತಿಂಗಳು ಓಹಾಯೋದ ಕೊಲಂಬಸ್ಸಿನಲ್ಲಿದ್ದೆವು. ಎಣ್ಣೆನೀರಿನ ಸಂಭ್ರಮದಲ್ಲಿ ನನಗೇನು ಕೆಲಸ? ನಾನು ಕಿಟಕಿಯ ಹತ್ತಿರ ಕೂತು ಕೂತು ಸವೆಯುವುದನ್ನು ನೋಡಲಾರದೆ ಅಳಿಯ ತನ್ನ ಸಹೋದ್ಯೋಗಿಯ ತಂದೆಯ ಹೊಲಮನೆಗೆ ಕರೆದುಕೊಂಡು ಹೋದ. ಎಪ್ಪತ್ತೈದು ದಾಟಿದ ರೈತರು. ಹೊಲವನ್ನು ಗೇಣಿಗೆ ಕೊಟ್ಟು ತಾವು ಹಳೇ ಬೋರ್ಡುಗಳ ಹಿಂದೆ ಬಿದ್ದಿದ್ದರು. ಪೆಟ್ರೋಲ್ ಬಂಕಿನವು, ಟೈರಿನವು, ಕೋಳಿ ಆಹಾರದವು. ತಗಡಿನ ಮೇಲೆ ಗಾಜಿನ ಪುಡಿ ಹರವಿ, ಎಂಟುನೂರು ಡಿಗ್ರಿಯ ಆಸುಪಾಸಿನ ಕುಲುಮೆಯಲ್ಲಿ ಬೇಯಿಸಿದ ಎನಾಮೆಲ್ ಬೋರ್ಡುಗಳು ಅವು. ಎಪ್ಪತ್ತು ವರ್ಷದ ಬಿಸಿಲಿಗೂ ಕೆಂಪು ಕೆಂಪಾಗಿಯೇ ಇತ್ತು. ಎರಡನೇ ಮಹಾಯುದ್ಧದಲ್ಲಿ ಇಂಥವು ರಾಶಿಗಟ್ಟಲೆ ಗುಜರಿಗೆ ಹೋಗಿ ಕರಗಿದವಂತೆ. ಉಳಿದವಕ್ಕೆ ಈಗ ಕೇಳಿದಷ್ಟು ದುಡ್ಡು.

ಅವನ್ನೆಲ್ಲ ಇಡಲು ಅವರೊಂದು ಪೋಲ್ ಬಾರ್ನ್ ಕಟ್ಟಿಸಿದ್ದರು. ಅದು ನಮ್ಮ ಚಪ್ಪರದ ದೊಡ್ಡಪ್ಪ ಎಂದರೆ ಸಾಕು. ತಳಪಾಯದ ಗೋಡೆಯಿಲ್ಲ, ಗೆದ್ದಲು ಹಿಡಿಯದಂತೆ ಔಷಧ ಕುಡಿಸಿದ ಕಂಬಗಳನ್ನು ನೆಲದಲ್ಲಿ ಹೂಳುವುದು, ಮೇಲೆ ಎಂಟೆಂಟು ಅಡಿಗೊಂದು ಮರದ ತ್ರಿಕೋನ ಚೌಕಟ್ಟು, ಅಂದರೆ ಟ್ರಸ್ಸು, ಕೂರಿಸುವುದು, ತಗಡು ಹೊದಿಸುವುದು. 1930ರ ದಶಕದ ಬಡತನದಲ್ಲಿ ಹುಟ್ಟಿದ ಉಪಾಯ.

ಅಲ್ಲಿಗೆ ಹೋಗುವ ದಾರಿಯಲ್ಲೇ ನಾನು ಒಬ್ಬ ಮನುಷ್ಯನ ಮೋಹಕ್ಕೆ ಬಿದ್ದಿದ್ದೆ. ವೀಲಿಂಗ್ ಕಡೆಯ ರಸ್ತೆಯ ಪಕ್ಕ ಒಂದು ಹಳೇ ಕೊಟ್ಟಿಗೆ, ಕಪ್ಪು ಗೋಡೆಯ ಮೇಲೆ ಬಿಳಿ ಹಳದಿ ಅಕ್ಷರ: ಮೇಲ್ ಪೌಚ್ ಎಂಬ ಹೊಗೆಸೊಪ್ಪನ್ನು ಜಗಿಯಿರಿ ಎಂಬ ಅಪ್ಪಣೆ. ಜಗಿಯುವ ಹೊಗೆಸೊಪ್ಪು! ಕವಳದ ತಟ್ಟೆ ನೋಡುತ್ತಲೇ ಬೆಳೆದ ನನಗೆ ಪರದೇಶದಲ್ಲಿ ನೆಂಟರ ಮನೆ ಕಂಡಂತಾಯಿತು. ಅದನ್ನು ಬರೆದವನು ಹಾರ್ಲೆ ವಾರಿಕ್, ಓಹಾಯೋದವನೇ. 1946ರಲ್ಲಿ ಸೈನ್ಯ ಬಿಟ್ಟು ಊರಿಗೆ ಬಂದಾಗ ಅವರ ಮನೆಯ ಕೊಟ್ಟಿಗೆಗೇ ಕಂಪನಿಯವರು ಬಣ್ಣ ಬಳಿಯುತ್ತಿದ್ದರಂತೆ. ಜೆರ್ಸಿ ಹಸುಗಳ ಕೆಚ್ಚಲ ಕೆಳಗೆ ಕೂರುವುದಕ್ಕಿಂತ ಇದೇ ವಾಸಿ ಎಂದು ಅವರ ಹಿಂದೆ ಹೊರಟವನು 1990ರ ದಶಕ ಶುರುವಾಗುವ ತನಕ ಕುಂಚ ಕೆಳಗಿಡಲಿಲ್ಲ. ಹೊಸದಾಗಿ ಬರೆದದ್ದು, ಮಾಸಿದ್ದಕ್ಕೆ ಮತ್ತೆ ಬಳಿದದ್ದು ಸೇರಿ ಇಪ್ಪತ್ತು ಸಾವಿರ ಕೊಟ್ಟಿಗೆ ಎಂಬ ಲೆಕ್ಕವಿದೆ. 1965ರಲ್ಲಿ ಹೆದ್ದಾರಿಗಳನ್ನು ಚಂದಗಾಣಿಸುವ ಕಾಯಿದೆ ಬಂದು ಜಾಹೀರಾತುಗಳಿಗೆ ಕತ್ತರಿ ಬಿತ್ತು. 1974ರಲ್ಲಿ ಸರ್ಕಾರವೇ ಮನಸ್ಸು ಕರಗಿಸಿಕೊಂಡು ಈ ಕೊಟ್ಟಿಗೆಗಳನ್ನು ಉಳಿಸಿತು.

ಆದರೆ ನಾನು ಮರುಳಾದದ್ದು ಇದಕ್ಕಲ್ಲ. ಇಂಗ್ಲಿಷಿನಲ್ಲಿ 'ಜಗಿ' ಎಂಬುದಕ್ಕೆ ನಾಲ್ಕು ಅಕ್ಷರ: ಸಿ, ಎಚ್, ಇ, ಡಬ್ಲ್ಯೂ. ವಾರಿಕ್ ಯಾವತ್ತೂ ಮೊದಲನೆಯದರಿಂದ ಶುರುಮಾಡಿದವನಲ್ಲ. ಮೊದಲು ಇ, ಆಮೇಲೆ ಎಚ್, ಆಮೇಲೆ ಡಬ್ಲ್ಯೂ. ಏಕೆಂದು ಅವನಿಗೇ ತಿಳಿದಿರಲಿಲ್ಲ. ಆ ಮೂರೂ ಅವನ ಹೆಸರಿನ ಮೊದಲಕ್ಷರಗಳು ಎಂಬುದು ಮಾತ್ರ ನಿಜ: ಹಾರ್ಲೆ ಇ. ವಾರಿಕ್. ನಾನು ಇದನ್ನು ಹೆಂಡತಿಗೆ ಹೇಳಿದೆ, ಮಗಳಿಗೆ ಹೇಳಿದೆ, ತೊಟ್ಟಿಲ ಕೂಸಿಗೂ ಹೇಳಿದೆ. ಬೇರೆಯವರ ಹೊಗೆಸೊಪ್ಪು ಮಾರುತ್ತ ಜೀವಮಾನವಿಡೀ ಗೋಡೆಯಿಂದ ಗೋಡೆಗೆ ಮೊದಲು ತನ್ನ ರುಜು ಹಾಕಿ, ಉಳಿದ ಜಾಗದಲ್ಲಿ ಕಂಪನಿಯ ಕೆಲಸ ಮಾಡಿದ ಪುಣ್ಯಾತ್ಮ! ನಾನು ಮೂವತ್ತನಾಲ್ಕು ವರ್ಷ ಗುಮಾಸ್ತಿಕೆ ಮಾಡಿದೆ. ನನಗೆ ಇದು ಹೊಳೆಯಲಿಲ್ಲ.

ವಾರಿಕನ ಬೋರ್ಡಿಗೆ ತೂಕವಿಲ್ಲ. ಬಣ್ಣ ಗೋಡೆಗೆ ಅಂಟಿಕೊಂಡಿರುತ್ತದೆ, ಯಾರ ತಲೆಯ ಮೇಲೂ ಬೀಳುವುದಿಲ್ಲ. ನಮ್ಮ ಮುದುಕರದ್ದು ಹಾಗಲ್ಲ. ಆರಡಿ ಅಗಲದ ದುಂಡು ಬೋರ್ಡು, ಸುತ್ತ ಕಬ್ಬಿಣದ ಬಳೆ, 120 ಪೌಂಡು. ಅದನ್ನು ಟ್ರಸ್ಸಿಗೆ ತೂಗುಹಾಕುವ ದಿನ ಏಣಿ ಹಿಡಿಯುವ ಭಾಗ್ಯ ನನ್ನದಾಯಿತು.

ಅವರು ಏಣಿಯನ್ನು ಮುಟ್ಟುವ ಮೊದಲು ಬೋರ್ಡು ತೂಗಿದರು. ಆಮೇಲೆ ಟ್ರಸ್ಸಿಗೆ ಬಡಿದಿದ್ದ ಚೀಟಿ ಓದಿ, ಮಾಡಿದವರಿಗೇ ಫೋನು ಹಚ್ಚಿದರು. ಅಷ್ಟುದ್ದ ಮಾಡಿನ ಕೆಳಗೆ ಇಷ್ಟೆಲ್ಲ ಅಂಜಿಕೆಯೇ ಎಂದು ನನಗೆ ನಗು. ಅವರು ಬಿಡಿಸಿ ಹೇಳಿದರು: ಈ ಟ್ರಸ್ಸು ಹೊರಲೆಂದು ಹುಟ್ಟಿದ್ದು ಹಿಮವನ್ನು. ಹಿಮ ಮೇಲಿಂದ ಒತ್ತುತ್ತದೆ. ಆಗ ಕೆಳಗಿನ ಅಡ್ಡಮರ ಹಗ್ಗದ ಹಾಗೆ ಎರಡೂ ಕಡೆಗೆ ಎಳೆಸಿಕೊಂಡು ನಿಲ್ಲುತ್ತದೆ. ಅದರ ನಡುವಿಗೆ ಭಾರ ಕಟ್ಟಿದರೆ ಎಳೆಸಿಕೊಳ್ಳಬೇಕಾದದ್ದು ಬಾಗಬೇಕಾಗುತ್ತದೆ. ಎಷ್ಟೋ ಕೊಟ್ಟಿಗೆಗಳಲ್ಲಿ ಆ ಅಡ್ಡಮರಕ್ಕೆ ಚದರಡಿಗೆ ಐದು ಪೌಂಡಿನ ಲೆಕ್ಕವೂ ಇರುವುದಿಲ್ಲ. ಸಂದುಗಳನ್ನು ಹಿಡಿದಿರುವುದೋ, ಹಲ್ಲುಹಲ್ಲಿನ ಉಕ್ಕಿನ ತಗಡು. ಫ್ಲೋರಿಡಾದಲ್ಲಿ 1950ರ ದಶಕದಲ್ಲಿ ಹುಟ್ಟಿದ ಆ ತಗಡಿನಿಂದಲೇ ಬಡಗಿಯ ಕೂಡುಗೆಗಳು ಮೂಲೆ ಸೇರಿದ್ದು. ಅಲ್ಲಿ ತೂತು ಕೊರೆದಿರೋ, ಕೆಟ್ಟಿರಿ.

ಅವರು ಮಾಡಿದ್ದು ಇಷ್ಟು. ಓರೆಮರಗಳು ಅಡ್ಡಮರಕ್ಕೆ ಬಂದು ಕೂಡುವ ಗಂಟಿನ ಪಕ್ಕದಲ್ಲಿ, ಮೂರು ಟ್ರಸ್ಸುಗಳ ಮೇಲೆ ಹಾಯುವಂತೆ ದಪ್ಪ ಹಲಗೆ ಮಲಗಿಸಿದರು. ಅದರಿಂದ ಎರಡು ಸರಪಳಿ ನೆಟ್ಟಗೆ ಇಳಿಬಿಟ್ಟರು. ಸರಪಳಿ ಓರೆಯಾದಷ್ಟೂ ಎಳೆತ ಹೆಚ್ಚು. ಅಡ್ಡಗೆರೆಗೆ ಮೂವತ್ತು ಡಿಗ್ರಿಗೆ ಇಳಿದರೆ ಅರ್ಧರ್ಧ ಹೊರಬೇಕಾದ ಒಂದೊಂದು ಸರಪಳಿಯೂ ಇಡೀ ಬೋರ್ಡನ್ನು ಹೊತ್ತಂತೆ. ಬಾಯಿ ತೆರೆದ ಕೊಕ್ಕೆ ಬೇಡವೆಂದು ತಿರುಪಿನಿಂದ ಬಾಯಿ ಮುಚ್ಚುವ ಬಳೆ ಹಾಕಿದರು. ಕೊನೆಗೆ, ಸರಪಳಿ ಕೈಕೊಟ್ಟರೂ ಹಿಡಿಯಲೆಂದು ಬೇರೊಂದು ಉಕ್ಕಿನ ಹಗ್ಗ. ಇಷ್ಟಾದ ಮೇಲೆ, ಬೋರ್ಡಿನ ನೇರ ಕೆಳಗೆ ಕುರ್ಚಿ ಹಾಕಬೇಡಿ ಎಂದು ನನಗೇ ಎಚ್ಚರಿಕೆ!

ಏಣಿ ಹಿಡಿದಿದ್ದ ನನಗೆ ನೆನಪಾದದ್ದು ಅಜ್ಜಿಯ ಮೊಗೆಕಾಯಿ. ಮಳೆಗಾಲಕ್ಕೆಂದು ಆಕೆ ಬಾಳೆನಾರಿನಲ್ಲಿ ಮೊಗೆಕಾಯಿಗಳನ್ನು ಒಂದೊಂದಾಗಿ ಕಟ್ಟಿ ಮಾಡಿನಡಿ ತೂಗುಹಾಕಿಸುತ್ತಿದ್ದಳು. ಒಂದು ರೀಪಿಗೆ ಎರಡು ಕಟ್ಟಿದರೆ ಬೈಗುಳ. ಪಕ್ಕಾಸಿನ ಹತ್ತಿರ ಕಟ್ಟು, ನಡುವೆ ಬೇಡ. ಇದು ಆಕೆಯ ಇಂಜಿನಿಯರಿಂಗು. ಹನ್ನೆರಡನೇ ವಯಸ್ಸಿನಲ್ಲಿ ನಾನು ನಮ್ಮ ಹುಡುಗರ ನಾಟಕ ಕಂಪನಿಗೆಂದು ಹಲಸಿನ ಹಲಗೆಯ ಬೋರ್ಡು ಬರೆದು, ಅಜ್ಜಿಯ ಶಾಸ್ತ್ರ ಧಿಕ್ಕರಿಸಿ, ಒಂದೇ ರೀಪಿನ ನಟ್ಟನಡುವೆ ಕಟ್ಟಿದೆ. ಬೆಳಗಿನ ಜಾವ ರೀಪು ಮುರಿದು, ನಾಲ್ಕು ಹಂಚು ಸಮೇತ ಬೋರ್ಡು ತಾಮ್ರದ ಹಂಡೆಯ ಮೇಲೆ ಬಿತ್ತು. ಹಂಡೆಯ ಹೊಟ್ಟೆಯ ತಗ್ಗು ಇವತ್ತಿಗೂ ಇದೆ. ಆ ಬೋರ್ಡಿನಲ್ಲಿ ನನ್ನ ಹೆಸರು ಎಲ್ಲರಿಗಿಂತ ದೊಡ್ಡದಾಗಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ.

ಹುಡುಗರನ್ನು ಏಣಿಯಿಂದ ಇಳಿಸಿದೆನಲ್ಲ, ಅಡಿಕೆ ತೂಗುವ ಕಾಟಾದ ಮೇಲೆ ಬೋರ್ಡು ಇಡಿಸಿದೆ. 31 ಕಿಲೋ. "ಭಾರ ಇಲ್ಲ" ಅಂದವನು ಮೊಬೈಲು ನೋಡತೊಡಗಿದ. ಶೆಡ್ಡಿಗೆ ಬೆಸುಗೆ ಹಾಕಿದಾತನಿಗೆ ನಾನೂ ಫೋನು ಹಚ್ಚಿದೆ. ಆತ ಒಂದು ಕ್ಷಣ ಸುಮ್ಮನಿದ್ದು, "ಅಲ್ಲ ಸಾರ್, ಕಟ್ಟಿಸುವಾಗ ನೀವು ಶೀಟು ಅಂದ್ರಿ, ಮಳೆ ಅಂದ್ರಿ. ಬೋರ್ಡು ಅಂದಿರಲಿಲ್ವಲ್ಲ" ಎಂದ.

ಬೋರ್ಡನ್ನು ಎರಡು ಚಿರೆಕಲ್ಲಿನ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸಿದ್ದೇವೆ. ಓದಲು ಸ್ವಲ್ಪ ಬಗ್ಗಬೇಕು.