ಚಾವಡಿಗೆ ಬಂದ ಆರು ಪೆಟ್ಟಿಗೆ

ಪೆರಿಯಶಾಂತಿಯಲ್ಲಿ ಹೆದ್ದಾರಿ ಬಿಟ್ಟು ಧರ್ಮಸ್ಥಳದ ರಸ್ತೆ ಹಿಡಿದ ಪಿಕಪ್ಪು ಕೊಕ್ಕಡ ಪೇಟೆ ದಾಟಿ, ತೋಟದ ನಡುವಿನ ಮಣ್ಣುದಾರಿಯಲ್ಲಿ ಇಳಿದು ಅಂಗಳದ ಬದಿಗೆ ನಿಲ್ಲುತ್ತದೆ. ಮೇ ತಿಂಗಳ ಮಧ್ಯಾಹ್ನ. ಅಂಗಳದಲ್ಲಿ ಕೊನೇ ಕೊಯ್ಲಿನ ಅಡಿಕೆ ಒಣಗುತ್ತಿದೆ. ಅದನ್ನು ತುಳಿಯದೆ 55 ಇಂಚಿನ ಟಿವಿಯನ್ನು ಜಗಲಿಗೆ ತರಬೇಕು. ನೀವೂ ಒಂದು ಮೂಲೆ ಹಿಡಿಯಿರಿ.

"ಮಲಗಿಸಬೇಡಿ ಅಣ್ಣ, ನೆಟ್ಟಗೇ ಇರಲಿ" ಎನ್ನುತ್ತಾನೆ ಜೋಡಿಸಲು ಬಂದ ಹುಡುಗ. ಮಲಗಿಸಿ ಹೊತ್ತರೆ ತೆಳು ಪರದೆ ತನ್ನ ಭಾರಕ್ಕೇ ಬಾಗುತ್ತದೆ. ಬಿರುಕು ಬಿಟ್ಟದ್ದು ಕರೆಂಟು ಕೊಟ್ಟ ಮೇಲೆಯೇ ಗೊತ್ತಾಗುವುದು. ಟಿವಿಯ ಹಿಂದೆಯೇ ಹೋಮ್ ಥಿಯೇಟರಿನ ಪೆಟ್ಟಿಗೆಗಳು ಬರುತ್ತವೆ: ಮುಂದಕ್ಕೆ ಮೂರು ಸ್ಪೀಕರ್, ಹಿಂದಕ್ಕೆ ಎರಡು, ನೆಲಕ್ಕೊಂದು ಸಬ್‌ವೂಫರ್. ಇವಿಷ್ಟಕ್ಕೂ ಸದ್ದು ಹಂಚಲು ಒಂದು ಆಂಪ್ಲಿಫೈಯರ್. ತರಿಸಿದ್ದು ಬೆಂಗಳೂರಿನ ಮಗ. ಅವನು ಆಗಲೇ ಅಪ್ಪನ ಮೊಬೈಲಿನಲ್ಲಿ ವೀಡಿಯೊ ಕಾಲಿಗೆ ಬಂದು ಚಾವಡಿಯ ತೊಲೆಗಳನ್ನು ನೋಡುತ್ತಿದ್ದಾನೆ, ಏಕೆಂದರೆ ಅಪ್ಪ ಹಿಡಿದದ್ದೇ ಹಾಗೆ.

ಗೋಡೆ ಮುರಕಲ್ಲಿನದ್ದು. ಡ್ರಿಲ್ಲು ಗಾರೆ ಕೊರೆಯುವ ತನಕ ಗುರುಗುಟ್ಟಿ, ಆಮೇಲೆ ತಡೆಯೇ ಇಲ್ಲದೆ ಒಳಗೆ ಹೋಗುತ್ತದೆ. ನೀವು ಕೆಳಗೆ ಹಿಡಿದ ಹಳೇ ಪೇಪರಿನ ಮೇಲೆ ಕೆಂಪು ಹುಡಿ ಸುರಿಯುತ್ತದೆ. ಗಿಟ್ಟೆ ಹೊಡೆದು ಸ್ಕ್ರೂ ತಿರುಗಿಸಿದರೆ ಸ್ಕ್ರೂವಿನ ಜೊತೆಗೆ ಗಿಟ್ಟೆಯೂ ತಿರುಗುತ್ತದೆ.

"ಕಲ್ಲು ಪೊಳ್ಳು ಉಂಟು. ಒಂದು ಹಲಗೆ ಸಿಕ್ಕೀತಾ?"

ಅಟ್ಟದಿಂದ ಹಲಸಿನ ಹಲಗೆ ಇಳಿಯುತ್ತದೆ. "ಅದು ಬಚ್ಚಲಿನ ಬಾಗಿಲಿಗೆ ಅಂತ ಇಟ್ಟದ್ದು" ಎಂದು ಅಜ್ಜಿಯ ತಕರಾರು. ಯಾರೂ ಕೇಳಿಸಿಕೊಂಡಂತೆ ಕಾಣುವುದಿಲ್ಲ. ಹಲಗೆಯನ್ನು ಆರು ಕಡೆ ಉದ್ದದ ಸ್ಕ್ರೂ ಹಾಕಿ ಗೋಡೆಗೆ ಬಿಗಿದು, ಅದರ ಮೇಲೆ ಟಿವಿಯ ಕಬ್ಬಿಣದ ಚೌಕಟ್ಟು ಕೂರಿಸುತ್ತಾನೆ. ಹೀಗೆ ಭಾರ ಹಂಚಿಹೋಗುತ್ತದೆ. ಕಂಪನಿಯ ಪುಸ್ತಕದಲ್ಲಿ ಕಾಂಕ್ರೀಟು ಗೋಡೆಯ ಚಿತ್ರ ಮಾತ್ರ ಇದೆ, ಮುರಕಲ್ಲಿನದ್ದು ಇಲ್ಲ.

ವಯರುಗಳೆಲ್ಲ ಜೋಡಣೆಯಾಗಿ ಸ್ವಿಚ್ಚು ಹಾಕಿದಾಗ ಚಿತ್ರ ಚೆನ್ನಾಗಿಯೇ ಬರುತ್ತದೆ. ಸದ್ದು ಬರುವುದು ಮಾತ್ರ ಟಿವಿಯ ಸಣಕಲು ಸ್ಪೀಕರಿನಿಂದ; ಹೊಸ ಪೆಟ್ಟಿಗೆಗಳಲ್ಲಿ ಒಂದೂ ಬಾಯಿ ಬಿಡುವುದಿಲ್ಲ. "ಎಚ್‌ಡಿಎಂಐ ಒಂದಕ್ಕೆ ಹಾಕಿ" ಎನ್ನುತ್ತಾನೆ ಬೆಂಗಳೂರಿನವ. ಟಿವಿಯ ಹಿಂದೆ ಕೈ ತೂರಿಸಿ, ಮೊಬೈಲಿನ ಟಾರ್ಚು ಬಿಟ್ಟು ನೋಡಿ. ಒಂದೇ ನಮೂನೆಯ ನಾಲ್ಕು ಕಿಂಡಿಗಳು. ಮೂರನೆಯದರ ಪಕ್ಕದಲ್ಲಿ ಮಾತ್ರ, ಸಣ್ಣ ಅಕ್ಷರದಲ್ಲಿ, 'ಎಆರ್‌ಸಿ' ಎಂದಿದೆ. ಮೊದಲೆಲ್ಲ ಎಚ್‌ಡಿಎಂಐ ವಯರಿನಲ್ಲಿ ಸದ್ದು ಪೆಟ್ಟಿಗೆಯಿಂದ ಟಿವಿಗೆ ಹೋಗುತ್ತಿತ್ತೇ ಹೊರತು ಟಿವಿಯಿಂದ ಹೊರಗೆ ಬರುತ್ತಿರಲಿಲ್ಲ. 2009ರ 1.4 ಆವೃತ್ತಿಯಲ್ಲಿ ಅದೇ ವಯರಿನಲ್ಲಿ ಸದ್ದು ಹಿಂದಕ್ಕೂ ಹರಿಯುವ ದಾರಿ ಮಾಡಿದರು. ಟಿವಿಯಲ್ಲಿ ಆ ದಾರಿ ಇರುವುದು ಸಾಮಾನ್ಯವಾಗಿ ಒಂದೇ ಕಿಂಡಿಗೆ. ವಯರು ಮೂರಕ್ಕೆ ಬರುತ್ತದೆ, ಟಿವಿಯೂ ಆಂಪ್ಲಿಫೈಯರೂ ಮಾತಾಡಿಕೊಳ್ಳಲು ಬೇಕಾದ 'ಸಿಇಸಿ' ಸೆಟ್ಟಿಂಗಿನಲ್ಲಿ ಆನ್ ಆಗುತ್ತದೆ. ಆಂಪ್ಲಿಫೈಯರಿನ ಒಳಗಿಂದ 'ಟಕ್' ಎಂದೊಂದು ಸದ್ದು, ಮರುಕ್ಷಣ ವಾರ್ತೆ ಓದುವವಳ ಧ್ವನಿ ಚಾವಡಿ ತುಂಬುತ್ತದೆ.

ಎರಡು ನಿಮಿಷ ಕಳೆದಿಲ್ಲ, ಮತ್ತೆ 'ಟಕ್'. ಆಂಪ್ಲಿಫೈಯರ್ ಆಫ್. ಟಿವಿ ಮಾತ್ರ ಏನೂ ಆಗದಂತೆ ಓಡುತ್ತಿದೆ.

"ಪೀಸು ಡಬ್ಬ ಉಂಟು, ವಾಪಸು ಕಳಿಸಿ" ಎಂದು ಮೊಬೈಲಿನ ತೀರ್ಪು. ಹುಡುಗ ಉತ್ತರ ಕೊಡದೆ ಮೀಟರಿನ ಎರಡು ಕಡ್ಡಿ ಸಾಕೆಟ್ಟಿಗೆ ತೂರಿಸುತ್ತಾನೆ. 168. ಇರಬೇಕಾದದ್ದು 230. "ತೋಟಕ್ಕೆ ಪಂಪು ಹಾಕಿದ್ದೀರಾ?" ಹಾಕದೆ ಉಂಟೇ, ಮೇ ತಿಂಗಳು. ಮೂರು ಫೇಸು ಬರುವ ಹೊತ್ತಿಗೆ ಈ ಮನೆಯದ್ದು ಮಾತ್ರವಲ್ಲ, ಆಚೀಚೆ ತೋಟದವುಗಳೂ ಒಟ್ಟಿಗೇ ಓಡುತ್ತವೆ. ಟಿವಿಯ ಒಳಗಿನ ವಿದ್ಯುತ್ ಹಲಗೆ 100ರಿಂದ 240 ವೋಲ್ಟಿನ ತನಕ ಯಾವುದನ್ನು ಕೊಟ್ಟರೂ ಸುಧಾರಿಸುತ್ತದೆ. ಆಂಪ್ಲಿಫೈಯರಿನ ಒಳಗಿರುವುದು ದೊಡ್ಡ ತಾಮ್ರದ ಟ್ರಾನ್ಸ್‌ಫಾರ್ಮರು. ಬಂದದ್ದು ಕಡಿಮೆಯಾದರೆ ಕೊಡುವುದೂ ಕಡಿಮೆ. ಪಂಪು ನಿಲ್ಲಿಸಿದ ಮೇಲೆ ಮೀಟರು 204ಕ್ಕೆ ಏರುತ್ತದೆ, ಡಬ್ಬ ಎನಿಸಿಕೊಂಡ ಪೀಸು ತೆಪ್ಪಗೆ ಹಾಡುತ್ತದೆ. ಸ್ಟೆಬಿಲೈಸರ್ ತರಿಸಬೇಕು ಎಂದು ಯಜಮಾನರು ಅಡಿಕೆ ಲೆಕ್ಕದ ಚೀಟಿಯ ಹಿಂದೆಯೇ ಬರೆದುಕೊಳ್ಳುತ್ತಾರೆ. ನನ್ನನ್ನು ಕೇಳಿದರೆ ನಮ್ಮ ಕಡೆ ಸ್ಟೆಬಿಲೈಸರಿನ ದುಡ್ಡು ಎತ್ತಿಟ್ಟು, ಮಿಕ್ಕದ್ದರಲ್ಲಿ ಟಿವಿಯ ಇಂಚು ಆರಿಸುವುದು ಒಳ್ಳೆಯದು.

ಇನ್ನು ಆ ಗುಂಯ್‌ಗುಡುವಿಕೆ. ಯಾರೂ ಮಾತಾಡದೆ ಇದ್ದಾಗ ಸಬ್‌ವೂಫರಿನಿಂದ ಬರುತ್ತಿದೆ, ಕೇಳಿ. ಡಿಶ್ಶಿನ ವಯರು ಬಿಚ್ಚಿದರೆ ನಿಲ್ಲುತ್ತದೆ, ಸಿಕ್ಕಿಸಿದರೆ ಶುರು. ಡಿಶ್ಶಿನ ಬಾಕ್ಸಿಗೆ ಕರೆಂಟು ಎದುರು ಗೋಡೆಯ ಹಳೇ ಬೋರ್ಡಿನಿಂದ, ಆಂಪ್ಲಿಫೈಯರಿಗೆ ಈಚೆಯ ಹೊಸ ಬೋರ್ಡಿನಿಂದ. ಎರಡರ ಅರ್ತಿಂಗೂ ಬೇರೆ ಬೇರೆ. ಅವುಗಳ ನಡುವಿನ ಸಣ್ಣ ವ್ಯತ್ಯಾಸ ವಯರಿನ ಮೇಲೆ ಹರಿದು ಸ್ಪೀಕರಿನಲ್ಲಿ 50 ಹರ್ಟ್ಸಿನ ಗುಂಯ್ ಆಗುತ್ತದೆ. ಎಲ್ಲವನ್ನೂ ಒಂದೇ ಬೋರ್ಡಿಗೆ ತಂದಾಗ ನಿಂತುಹೋಯಿತು. ಬಾವಿಕಟ್ಟೆಯ ಹತ್ತಿರದ ಅರ್ತಿನ ಹೊಂಡ ಒಣಗಿ ಬಾಯಿ ಬಿಟ್ಟಿದೆ. ಅದಕ್ಕೆ ಎರಡು ಕೊಡಪಾನ ನೀರು ಸುರಿಯುವ ಕೆಲಸ ನಿಮ್ಮದು.

ಅಜ್ಜಿ ಕೇಳಿದ್ದು ಯಕ್ಷಗಾನ. ಯೂಟ್ಯೂಬಿನಲ್ಲಿ ತೆಂಕುತಿಟ್ಟಿನ ಒಂದು ಪ್ರಸಂಗ ಹಾಕುತ್ತಾರೆ. ಚೆಂಡೆ ಸಿಡಿಯುತ್ತದೆ, ಜಾಗಟೆ ಕೇಳುತ್ತದೆ. ಮದ್ದಳೆ ಎಲ್ಲಿ? ಭಾಗವತರ ಸ್ವರವೂ ಎಡದಲ್ಲಿ ಇಲ್ಲ, ಬಲದಲ್ಲಿ ಇಲ್ಲ, ನಡುವಿನಲ್ಲೂ ಇಲ್ಲ. ಅಜ್ಜಿಯೇ ಮೊದಲು ಹೇಳಿದ್ದು: "ಇದು ಎಂತದು ಮಾರಾಯ, ಮದ್ದಳೆಯವ ಚೌಕಿಗೆ ಹೋದನಾ?"

ಹುಡುಗ ಬಲಬದಿಯ ಸ್ಪೀಕರನ್ನು ತಿರುಗಿಸಿ ಹಿಂಬದಿ ನೋಡುತ್ತಾನೆ. ಸ್ಪೀಕರಿನ ವಯರಿಗೆ ಎರಡು ಎಳೆ; ಒಂದರ ಉದ್ದಕ್ಕೂ ತೆಳುವಾದ ಕೆಂಪು ಗೀಟು. ಗೀಟಿನದ್ದು ಕೆಂಪು ತಿರುಗಣೆಗೆ ಹೋಗಬೇಕು. ಅವಸರದಲ್ಲಿ ಕಪ್ಪಿಗೆ ಹೋಗಿದೆ. ಆಗ ಎಡದ ಸ್ಪೀಕರಿನ ಪದರ ಮುಂದೆ ತಳ್ಳುವಾಗ ಬಲದ್ದು ಹಿಂದೆ ಎಳೆಯುತ್ತದೆ, ತಗ್ಗು ಸ್ವರಗಳು ಕೋಣೆಯ ನಡುವೆ ಒಂದನ್ನೊಂದು ತಿಂದುಬಿಡುತ್ತವೆ. ಉಗುರಿನಿಂದ ತಾಮ್ರದ ಎಳೆ ಬಿಚ್ಚಿ, ಹೊಸೆದು, ಅದಲುಬದಲು ಮಾಡಿ ಬಿಗಿಯುತ್ತಾನೆ. ಮದ್ದಳೆ ಚೌಕಿಯಿಂದ ವಾಪಸು ಬರುತ್ತದೆ. ಅಜ್ಜಿ ಕುರ್ಚಿ ಎಳೆದುಕೊಳ್ಳುತ್ತಾರೆ.

ಹಿಂದಿನ ಎರಡು ಸ್ಪೀಕರುಗಳು ಮಾತ್ರ ಇನ್ನೂ ಮೌನ. ಅವುಗಳಲ್ಲಿ ದೋಷವಿಲ್ಲ. ಆ ರೆಕಾರ್ಡಿಂಗಿನಲ್ಲಿ ಇರುವುದೇ ಎರಡು ದಾರಿಯ ಸದ್ದು. ಇಲ್ಲದ್ದನ್ನು ಹಿಂದಿನವು ಎಲ್ಲಿಂದ ತಂದಾವು? ಮಗನ ಸಮಾಧಾನಕ್ಕೆ 2022ರ 'ಕಾಂತಾರ' ಹಾಕಿ ನೋಡಿದರೆ ಆಗಲೂ ಇಲ್ಲ. ಈ ಸಲ ತಪ್ಪು ಟಿವಿಯ ಸೆಟ್ಟಿಂಗಿನಲ್ಲಿದೆ: ಸದ್ದು ಹೊರಬಿಡುವ ಬಗೆ 'ಪಿಸಿಎಂ' ಎಂದಿದೆ. ಹಳೇ ಎಆರ್‌ಸಿಯಲ್ಲಿ ಅದು ಎರಡು ದಾರಿಯಲ್ಲೇ ಹೋಗುತ್ತದೆ. 'ಬಿಟ್‌ಸ್ಟ್ರೀಮ್' ಎಂದು ಬದಲಿಸಿದಾಗ ಆಂಪ್ಲಿಫೈಯರಿನ ಮುಖದಲ್ಲಿ ಡಾಲ್ಬಿಯ ದೀಪ ಹತ್ತುತ್ತದೆ, ನಿಮ್ಮ ಬೆನ್ನ ಹಿಂದೆ ಕಾಡು ಅಲುಗುತ್ತದೆ. ದೈವದ ಕೂಗು ಎದ್ದದ್ದೇ ತಡ ಅಜ್ಜಿ ಕೈ ಎತ್ತುತ್ತಾರೆ: "ಮೂರ್ಸಂಜೆ ಆಗ್ತಾ ಬಂತು, ಅದನ್ನೆಲ್ಲ ಹಾಕಬೇಡಿ." ರಿಮೋಟು ಕೂಡಲೇ ಪಾಲಿಸುತ್ತದೆ.

ಮಗನಿಗೆ ಇನ್ನೊಂದು ಆಸೆ: ಸದ್ದನ್ನು ಮಾಡಿಗೆ ಹೊಡೆದು ಕೆಳಗೆ ಬೀಳಿಸುವ ಅಟ್ಮೋಸ್ ಸ್ಪೀಕರು. ಅದಕ್ಕೆ ಬೇಕಾದದ್ದು ಚಪ್ಪಟೆ ಮಾಡು. ಚಾವಡಿಯ ಮೇಲೆ ಇಳಿಜಾರಿನ ಹಂಚು; 1865ರಲ್ಲಿ ಜೆಪ್ಪಿನಲ್ಲಿ ಬಾಸೆಲ್ ಮಿಷನಿನವರು ಹಂಚಿನ ಕಾರ್ಖಾನೆ ತೆರೆದಾಗ ಇದನ್ನು ಯಾರು ಯೋಚಿಸಿದ್ದರು? ಬಿಟ್ಟುಬಿಡು ಎಂದು ಹುಡುಗನೇ ಹೇಳುತ್ತಾನೆ. ಮಾರುವವರು ಹೀಗೆ ಹೇಳುವುದು ಅಪರೂಪ.

ಅಷ್ಟರಲ್ಲಿ ಶಿಶಿಲದ ದಿಕ್ಕಿನಲ್ಲಿ ಆಕಾಶ ಕಪ್ಪಾಗುತ್ತದೆ. ಅಡಿಕೆ ಬಾಚಲು ಎಲ್ಲರೂ ಅಂಗಳಕ್ಕೆ ಓಡುತ್ತಾರೆ, ನೀವೂ ಓಡಿ. ಮೊದಲ ಹನಿಗೆ ಇನ್ನೂ ಚಿತ್ರ ಇದೆ, ಜೋರಾದ ಮೇಲೆ ಚೂರುಚೂರಾಗಿ ಒಡೆದು 'ಸಿಗ್ನಲ್ ಇಲ್ಲ' ಎನ್ನುತ್ತದೆ. ಇದಕ್ಕೂ ಹೊಸ ಟಿವಿಯನ್ನು ಬೈಯಬೇಡಿ. 36,000 ಕಿಲೋಮೀಟರು ಮೇಲಿನ ಉಪಗ್ರಹದಿಂದ ಬರುವ ಅಲೆ ಒಂದಿಂಚಿನಷ್ಟು ಉದ್ದದ್ದು. ದಪ್ಪ ಹನಿಯ ಮಳೆ ಅದನ್ನು ದಾರಿಯಲ್ಲೇ ಹೀರಿಬಿಡುತ್ತದೆ. ಕೊಕ್ಕಡ 13 ಡಿಗ್ರಿ ಅಕ್ಷಾಂಶಕ್ಕಿಂತ ತುಸು ಕೆಳಗೆ ಇರುವುದರಿಂದ ಉಪಗ್ರಹ ಬಹಳ ಮೇಲೆಯೇ ಸಿಗುತ್ತದೆ, ಅಡಿಕೆಮರದ ತಲೆ ಅಷ್ಟಾಗಿ ಅಡ್ಡ ಬರುವುದಿಲ್ಲ. ಆದರೂ ಸೌತಡ್ಕದ ಗಣಪತಿಯ ಹಾಗೆ ಡಿಶ್ಶಿಗೂ ತಲೆಯ ಮೇಲೆ ಬರೀ ಆಕಾಶವೇ ಇರಬೇಕು. ಮಳೆ ನಿಂತರೆ ಚಿತ್ರ ತಾನಾಗಿ ಬರುತ್ತದೆ.

ಸಿಡಿಲಿನದ್ದು ಹಾಗಲ್ಲ. "ಸ್ವಿಚ್ಚು ಆಫ್ ಮಾಡಿದರೆ ಸಾಲದು" ಎನ್ನುತ್ತ ಹುಡುಗ ಒಂದೊಂದೇ ಕೀಳುತ್ತಾನೆ. ಮೊದಲು ಬೋರ್ಡಿನ ಪ್ಲಗ್ಗು. ಆಮೇಲೆ ಡಿಶ್ಶಿನ ವಯರು. ಮಾಡಿನ ಮೇಲಿನ ಕಬ್ಬಿಣದಿಂದ ನೇರ ಟಿವಿಯ ತನಕ ತಾಮ್ರದ ದಾರಿ ಅದು. ಇಂಟರ್ನೆಟ್ಟಿನ ಫೈಬರ್ ಗಾಜಿನದ್ದು, ಅದರಲ್ಲಿ ಕರೆಂಟು ಹರಿಯದು, ಆದರೆ ಮೋಡೆಮಿನ ಅಡಾಪ್ಟರನ್ನೂ ಅಲ್ಲಿಂದ ಟಿವಿಗೆ ಬಂದ ಲ್ಯಾನ್ ವಯರನ್ನೂ ಬಿಡುವ ಹಾಗಿಲ್ಲ. ಕಿತ್ತದ್ದನ್ನೆಲ್ಲ ಗೋಡೆಯಿಂದ ಒಂದು ಮೊಳ ದೂರ ಎಳೆದು ಇಡುತ್ತಾನೆ.

"ಮತ್ತೆ ಹಾಕುವಾಗ ಯಾವುದು ಎಲ್ಲಿಗೆ ಅಂತ ಗೊತ್ತಾಗುದು ಹೇಗೆ?" ಯಜಮಾನರಿಗೆ ಚಿಂತೆ. ಹುಡುಗ ಕಿಸೆಯಿಂದ ಇನ್ಸುಲೇಶನ್ ಟೇಪು ತೆಗೆದು ಒಂದೊಂದು ವಯರಿನ ತುದಿಗೂ ಸುತ್ತುತ್ತಾನೆ, ಮೇಲೆ ಪೆನ್ನಿನಲ್ಲಿ ಬರೆಯುತ್ತಾನೆ: ಮೂರು, ಡಿಶ್, ಎಡ, ಬಲ. ಪೆನ್ನು ಮೂಡದ ಕಡೆ ನೀವು ಟಾರ್ಚು ಹಿಡಿಯಿರಿ, ಕರೆಂಟು ಈಗಷ್ಟೇ ಹೋಯಿತು.